ಭಾರ ಹೆಚ್ಚಿಸುವ ಮಾತು

ಬಟವಾಡಿಯ ಈ ಬಾಡಿಗೆ ಮನೆಯಲ್ಲಿ ಒದ್ದೆ ತೆಂಗಿನ ನಾರಿನ ವಾಸನೆ ಬಂದರೆ ಸಾಕು, ಗುಬ್ಬಿಯ ನಮ್ಮ ಹಿತ್ತಲಿನ ಆ ಮಧ್ಯಾಹ್ನ ಮೆಲ್ಲಗೆ ತೆರೆದುಕೊಳ್ಳುತ್ತದೆ.

ಕುಣಿಗಲ್ಲಿನ ಗಂಡನ ಮನೆಯಿಂದ ಸೋದರತ್ತೆ ಒಬ್ಬರೇ ಬಂದಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ. ಬಾವಿಕಟ್ಟೆಯ ಬಳಿ ಕೂತು, ನಾರಿಗೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬಿಂದಿಗೆ ತಿಕ್ಕುತ್ತಿದ್ದರು. ತೊಯ್ದ ಹಿತ್ತಾಳೆಯ ಮೇಲೆ ಬಿಸಿಲು ತೂಕಡಿಸುತ್ತಿತ್ತು. ಇಂಗ್ಲಿಷ್ ಎಂ.ಎ. ಓದುತ್ತಿದ್ದ ಚಿಕ್ಕಪ್ಪ ನೆರಳಲ್ಲಿ ಕಾಲು ಚಾಚಿ, ಸಿಟ್ಟು ಬರಿಸುವುದಕ್ಕೆ ಆ ಭಾಷೆಯಲ್ಲಿರುವ ಮಾತುಗಳ ಹಳೆಯ ಕತೆಯನ್ನು ನನಗೆ ಹೇಳುತ್ತಿದ್ದರು.

“ಎಕ್ಸಾಸ್ಪರೇಟ್ ಅಂದ್ರೆ ಮೂಲದಲ್ಲಿ ಒರಟು ಮಾಡೋದು ಕಣೇ. ಅಗ್ರವೇಟ್ ಅಂದ್ರೆ ಮೊದ್ಲು ಭಾರ ಹೆಚ್ಚಿಸೋದು, ಅಷ್ಟೇ. ಸಿಟ್ಟು ಬರ್ಸೋದು ಅನ್ನೋ ಅರ್ಥ ಆಮೇಲೆ ಸೇರ್ಕೊಂಡಿದ್ದು.”

ಅತ್ತೆಯ ಕೈ ನಿಂತಿತು. “ಇನ್ನೊಂದ್ಸಲ ಹೇಳೋ,” ಎಂದರು. ಚಿಕ್ಕಪ್ಪ ಹೇಳಿದರು. ಅತ್ತೆ ತಮ್ಮ ಅಂಗೈಯನ್ನು ಹೆಬ್ಬೆರಳಿನಿಂದ ಸವರಿ ನೋಡಿಕೊಂಡರು.

ಹೊತ್ತಿಳಿಯುವಾಗ ಅತ್ತೆಯ ಗಂಡ ಬಂದರು. “ಒಂದ್ ಮಾತು ಅಂದಿದ್ದಕ್ಕೆ ಇಷ್ಟು ಸಿಟ್ಟಾ? ನಡಿ, ಬಸ್ಸಿಗೆ ಹೊತ್ತಾಯ್ತು.”

“ಗಂಡಸ್ರು ಅಂತಾರೆ, ಬುಡು. ಹೊರಡು,” ಎಂದರು ಅಜ್ಜಿ ಬಾಗಿಲಿನಿಂದಲೇ.

ಅತ್ತೆ ಬಿಂದಿಗೆಗೆ ನೀರು ತುಂಬಿ, ಅದರ ಕಂಠ ಹಿಡಿದು ನಿಂತರು. “ಸಿಟ್ಟೇನಿಲ್ಲ. ಭಾರ ಜಾಸ್ತಿ ಆಗಿದೆ.”

ಮಾವ ಬಿಂದಿಗೆಯನ್ನೇ ನೋಡುತ್ತ ನಿಂತರು. ಚಿಕ್ಕಪ್ಪ ಪುಸ್ತಕ ಮುಚ್ಚಿಟ್ಟು ಎದ್ದರು. ನಮ್ಮ ಮನೆಯ ಗಂಡಸರು ನೀರು ಹೊತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಚಿಕ್ಕಪ್ಪ ಬಿಂದಿಗೆಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಹೆಗಲಿಗೇರಿಸಿದರು.

“ಬಾ ಅಕ್ಕ, ಒಳಗೆ,” ಎಂದರು, ಮಾವನ ಕಡೆ ನೋಡದೆ.