ಹಲ್ಲಿ ಚಪ್ಪಲಿ

ನೋವಿದೆ ಎಂದರೆ ಡಾಕ್ಟರು ನಂಬಿಯಾರೇ? ಇಷ್ಟಗಲ ನಗುತ್ತ ನೋವಿದೆ ಎನ್ನುವುದಾದರೂ ಹೇಗೆ? ದಾವಣಗೆರೆಯ ಬಸ್ ನಿಲ್ದಾಣದ ಚಾವಣಿಗೆ ತಲೆಕೆಳಗಾಗಿ ಅಂಟಿಕೊಂಡು ಚನ್ನವೀರ ಯೋಚಿಸುತ್ತಿದ್ದ.

ಇಪ್ಪತ್ತು ವರ್ಷ ಸೀರೆ ಅಂಗಡಿಯಲ್ಲಿ ನಿಂತೇ ದುಡಿದು ಅವನ ಮೀನಖಂಡದ ರಕ್ತನಾಳಗಳು ಹಗ್ಗದಂತೆ ಉಬ್ಬಿದ್ದವು. ಅಂಥವರಿಗೆಲ್ಲ ಆಸ್ಪತ್ರೆಯವರು ಚಾವಣಿಗೆ ಅಂಟುವ ಹಲ್ಲಿ ಚಪ್ಪಲಿ ಕೊಡುತ್ತಿದ್ದರು. ದಿನಕ್ಕೆ ಅರ್ಧ ಗಂಟೆ ಚಾವಣಿಯಲ್ಲಿ ನಡೆದರೆ ಕಾಲಲ್ಲಿ ನಿಂತ ರಕ್ತ ಎದೆಗೆ ಇಳಿಯುತ್ತಿತ್ತು. ಬಸ್ಸಿಗೆ ಕಾಯುವವರು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಮೇಲಿಂದ ಬಾಚಣಿಗೆ ಬಿದ್ದರೆ ಎತ್ತಿಕೊಡುತ್ತಿದ್ದರು, ಅಷ್ಟೆ.

ಪಕ್ಕದಲ್ಲಿ ಕಂಡಕ್ಟರ್ ಕೊಟ್ರಮ್ಮ ಜಡೆ ಇಳಿಬಿಟ್ಟುಕೊಂಡು ನಡೆಯುತ್ತಿದ್ದಳು. ತಲೆಗೆ ರಕ್ತ ನುಗ್ಗಿದಂತೆ ಇಬ್ಬರಿಗೂ ಸುಮ್ಮಸುಮ್ಮನೆ ನಗು.

"ಸೀರೆ ಸಾಹೇಬ್ರೇ, ನಿಮ್ಮ ಮುಖ ಬದನೆಕಾಯಿ ಆಗೇತಿ!"

"ನಿಮ್ದೇನು ಕಮ್ಮಿ ಇಲ್ಲ ಬಿಡ್ರಿ!"

ವಾಸಿಯಾಯಿತೆಂದು ಚಪ್ಪಲಿ ವಾಪಸ್ ಹೋದರೆ ಈ ಅರ್ಧ ಗಂಟೆಯೂ ಹೋದಂತೆ. ನೆಲದ ಮೇಲೆ ಅವಳು ಸದಾ ಹೊರಟ ಬಸ್ಸಿನಲ್ಲಿರುತ್ತಿದ್ದಳು.

ತಪಾಸಣೆಗೆ ಬಂದ ಡಾಕ್ಟರು ಏಣಿ ಹತ್ತಿ ಅವನ ಕಾಲು ಒತ್ತಿ ನೋಡಿದರು. "ನರ ಇಳದೈತಲ್ಲೋ ಮಾರಾಯ! ನೋವೈತೇನು? ಇಲ್ಲಂದ್ರೆ ಚಪ್ಪಲಿ ವಾಪಸ್ ಕೊಡು."

ಚನ್ನವೀರ ನೋವಿನ ಮುಖ ಮಾಡಲು ಹೋದ, ನಗುವೇ ಬಂತು.

"ಇನ್ನೊಂದು ತಿಂಗ್ಳು ಬರೀರಿ ಸಾರ್," ಎಂದಳು ಕೊಟ್ರಮ್ಮ. "ಇವ್ರಿಲ್ಲಂದ್ರೆ ನಾನೊಬ್ಳೇ ನಕ್ಕಂತ ಓಡಾಡ್ಬೇಕು. ಜನ ಹುಚ್ಚಿ ಅಂತಾರೆ!"

ಡಾಕ್ಟರು ನಕ್ಕ ರಭಸಕ್ಕೆ ಏಣಿ ಅಲುಗಾಡಿತು. ಆ ಅಲುಗಾಟದಲ್ಲೇ ಇನ್ನೊಂದು ತಿಂಗಳಿಗೆ ಚೀಟಿ ಬರೆದುಕೊಟ್ಟರು.

ನೋವು ಹೋಗಿ ಮೂರು ವಾರವಾಗಿದೆ ಎಂದು ಚನ್ನವೀರ ಡಾಕ್ಟರಿಗೆ ಹೇಳಲಿಲ್ಲ. ಆದರೂ ಯಾಕೆ ಬರುತ್ತಿದ್ದೇನೆಂದು ಕೊಟ್ರಮ್ಮನಿಗೂ ಹೇಳಲಿಲ್ಲ.