ಕುಂಕುಮದ ಬಾಯಿ

ಆ ಊರಿನ ಕೆಂಧೂಳಿನ ಪ್ರತಾಪ ಕೇಳಬೇಕು! ಸೂರ್ಯನೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹುಟ್ಟುತ್ತಿದ್ದ. ಕಾಗೆ ಒಂದು ಸಲ ಕೂಗಲು ಹತ್ತು ಸಲ ಕೆಮ್ಮುತ್ತಿತ್ತು. ಮನೆಯೊಳಗೂ ಯಾರೂ ಮುಸುಕು ತೆಗೆಯುವಂತಿರಲಿಲ್ಲ. ಕೂಸುಗಳು ತಾಯಿಯ ಬರಿಮುಖ ನೋಡಿ ಕಲಿಯಲೆಂದು ಸರ್ಕಾರ ಧೂಳು ನುಗ್ಗದ ಒಂದು ಗಾಜಿನ ಕೋಣೆ ಕಟ್ಟಿಸಿತ್ತು. ತಿಂಗಳಿಗೊಂದು ಸರದಿ. ಆರು ತಿಂಗಳಾದರೂ ಬರಿಮುಖಕ್ಕೆ ನಗದ ಕೂಸನ್ನು ತಾಯಿಯಿಂದ ಬಿಡಿಸಿ, ಸರ್ಕಾರವೇ ಸಾಕುವ ತೊಟ್ಟಿಲುಮನೆಗೆ ಒಯ್ಯುತ್ತಿದ್ದರು.

ಹುಲಿಗೆಮ್ಮನದು ಇವತ್ತು ಕೊನೆಯ ಸರದಿ. ಮಗನ ಮುಸುಕು ಬಿಚ್ಚಿ, ತನ್ನದನ್ನೂ ಬಿಚ್ಚಿದಳು. ಮಗ ಕೋಣೆಯ ಗಾಜೆಲ್ಲ ಬಿರಿಯುವಂತೆ ಚೀರಿದ.

"ಗಾದಿಲಿಂಗಾ, ನನ್ನಪ್ಪಾ, ನಾನೇ ಕಣೋ ನಿಮ್ಮವ್ವ!"

ಆಯಾ ಖೈರೂನಬಿ ಅವಳ ಕೈಯಲ್ಲಿದ್ದ ಮುಸುಕನ್ನು ನೋಡಿ ಹಣೆ ಚಚ್ಚಿಕೊಂಡಳು. ಮಗ ಹೆದರಬಾರದೆಂದು ಹುಲಿಗೆಮ್ಮ ಅವನು ಹುಟ್ಟಿದಾಗಿನಿಂದ ಅದರ ಮೇಲೆ ದಿನಾ ಕುಂಕುಮದಲ್ಲಿ ನಗುವ ಬಾಯಿ ಬರೆಯುತ್ತಿದ್ದಳು.

"ಇಷ್ಟು ಚೆಂದ ಬಾಯಿ ಬರದ್ರೆ ಕೂಸು ಇದನ್ನೇ ಅವ್ವ ಅಂತೈತಿ. ನಿನ್ನ ಮುಖ ಕಿತ್ತು ಬಂತು ಅಂತ ಅಂಜೈತಿ ಅದು!"

ಹುಲಿಗೆಮ್ಮ ಹುಬ್ಬು ಕುಣಿಸಿದಳು, ಗಲ್ಲ ಉಬ್ಬಿಸಿದಳು. ಬೆಟ್ಟವೇ ನಕ್ಕುಬಿಡುವಂಥ ಚೇಷ್ಟೆ ಮಾಡಿದಳು. ಮಗ ಇನ್ನಷ್ಟು ಅತ್ತ. ಸರದಿ ಮುಗಿಯುವ ಗಂಟೆ ಹೊಡೆಯಿತು. ಅಷ್ಟರಲ್ಲಿ ಅವನು ಬಿಕ್ಕುತ್ತಲೇ ಅವಳ ಕೈಯ ಮುಸುಕನ್ನು ಎಳೆದುಕೊಂಡ. ಪುಟ್ಟ ಅಂಗೈಗಳಿಂದ ಅವಳ ಮುಖಕ್ಕೆ ಒತ್ತಿ ಹಿಡಿದು, ಬಾಯ್ತುಂಬ ನಕ್ಕ.

"ಇದು ಲೆಕ್ಕಕ್ಕಿಲ್ಲ, ತಾಯಿ," ಎಂದು ಖೈರೂನಬಿ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು.

ಮುಸುಕಿನ ಹಿಂದೆ ಹುಲಿಗೆಮ್ಮ ಏಳು ಕೆರೆ ಕೋಡಿ ಬೀಳುವಷ್ಟು ಅತ್ತಳು. ಹೊರಗೆ ಕುಂಕುಮದ ಬಾಯಿ ನಗುತ್ತಲೇ ಇತ್ತು. ಅದನ್ನು ನೋಡುತ್ತ ಮಗ ಆಯಾಳ ತೋಳಿನಲ್ಲಿ ಕೇಕೆ ಹಾಕುತ್ತ ಹೋದ.