ಪಟದ ಕುಂಕುಮ

“ಆ ಕುಂಕುಮದ ಮೇಲೆ ಒಂದು ಸಲ ಮೈಬಣ್ಣ ಎಳೆದುಬಿಡಿ, ಅಷ್ಟೇ,” ಎಂದ ಗಂಗುಲಪ್ಪ, ಗೋಡೆಗೆ ಸುಣ್ಣ ಹೊಡೆಸುವಷ್ಟು ಸಲೀಸಾಗಿ.

ಕೋದಂಡರಾಮಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಕೋಲಾರದಲ್ಲಿ ಹಳೆಯ ತೈಲಚಿತ್ರಗಳನ್ನು ಕೊಂಡು ಮಾರುವ ವ್ಯಾಪಾರಿ ಅವನು. ಮ್ಯೂಸಿಯಮ್ಮಿನವರು ಊರಿನಲ್ಲಿ ಏರ್ಪಡಿಸಿದ್ದ ಪ್ರದರ್ಶನಕ್ಕೆ ತನ್ನಲ್ಲಿದ್ದ ಭಾವಚಿತ್ರಗಳನ್ನೆಲ್ಲ ಎರವಲು ಕೊಟ್ಟಿದ್ದ. ಅವುಗಳಲ್ಲಿ ಅವನ ಜೀವದಂಥದ್ದು ಶಾಮಲಮ್ಮನ ಚಿತ್ರ. ಮದುವೆಯಾದ ವರ್ಷ ಬರೆಸಿದ್ದು. ಹಣೆಯಲ್ಲಿ ಕಾಸಗಲ ಕುಂಕುಮ, ತುಟಿಯಲ್ಲಿ ತಡೆದು ಹಿಡಿದ ನಗು. ಆಕೆಯ ಗಂಡ ಹೋದ ವರ್ಷ ತೀರಿಕೊಂಡ. ವಿಧವೆ ಕುಂಕುಮವಿಟ್ಟು ನಗುವ ಚಿತ್ರ ಮನೆಯಲ್ಲಿರಬಾರದೆಂದು ಮೈದುನ ಗಂಗುಲಪ್ಪನೇ ಅದನ್ನು ಹೊತ್ತು ತಂದು ಮಾರಿದ್ದ. ಈಗ ಅದೇ ಮನುಷ್ಯ, ನಾಲ್ಕು ಜನ ನೋಡುವ ಕಡೆ ಅದನ್ನು ಹಾಗೇ ಹಾಕಿದರೆ ಮನೆತನದ ಮರ್ಯಾದೆ ಹೋಗುತ್ತದೆಂದು ಕುಣಿಯುತ್ತಿದ್ದಾನೆ.

ಶ್ರೀನಿವಾಸಪುರದಲ್ಲಿ ಕಣ್ಣು ಹಾಯುವಷ್ಟು ಮಾವಿನ ತೋಪು ಅವನದು. ಪ್ರದರ್ಶನದ ಸ್ವಾಗತ ಸಮಿತಿಗೂ ಅವನೇ ಅಧ್ಯಕ್ಷ. ಮ್ಯೂಸಿಯಮ್ಮಿನ ಅಧಿಕಾರಿ ಗಾಳಿ ಬಂದ ಕಡೆ ತೂರಿಕೊಳ್ಳುವ ಆಸಾಮಿ. ಜನರ ಭಾವನೆಯನ್ನೂ ನೋಡಬೇಕಲ್ಲ, ಒಂದು ಬೊಟ್ಟು ಬಣ್ಣಕ್ಕೆ ಯಾಕೆ ರಂಪ ಎಂದು ರಾಗ ಎಳೆದ.

“ಚಿತ್ರ ಬರೆಸಿದಾಗ ಅವರ ಯಜಮಾನ್ರು ಬದುಕಿದ್ರು ಸ್ವಾಮಿ. ಬರೆದಿರೋದು ಸುಳ್ಳಲ್ಲ,” ಎಂದ ಕೋದಂಡರಾಮಪ್ಪ. “ಆಯಮ್ಮನೇ ಬಂದು ಅಳಿಸು ಅನ್ಲಿ, ಅಳಿಸ್ತೀನಿ. ನೀವು ಹೇಳಿದ್ರೆ ಮುಟ್ಟಲ್ಲ.”

ಅದೇನು ಮಹಾ ಎಂದು ಗಂಗುಲಪ್ಪ ಮರುದಿನವೇ, ಪೆಟ್ರೋಲು ಸಿಗದ ಆ ಯುದ್ಧಕಾಲದಲ್ಲಿ ಓಡುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಅತ್ತಿಗೆಯನ್ನು ಕರೆತಂದ. ಬೋಳು ಹಣೆಯ ಮೇಲೆ ಸೆರಗು ಎಳೆದುಕೊಂಡು ಆಕೆ ಅವನ ಹಿಂದೆ ಒಳಗೆ ಬಂದಳು. ಅವನ ಮನೆಯಲ್ಲೇ ಉಂಡು ಬದುಕಬೇಕಾದವಳು, ಎದುರು ಮಾತಾಡುತ್ತಾಳೆಯೇ? ಯಾಕಾದರೂ ಅಂಥ ಮಾತು ಕೊಟ್ಟೆನೋ ಎಂದು ಕೋದಂಡರಾಮಪ್ಪ ತನ್ನ ನಾಲಗೆಯನ್ನೇ ಶಪಿಸಿಕೊಂಡ. ಗಂಗುಲಪ್ಪ ಬಣ್ಣ ಅದ್ದಿದ ಕುಂಚವನ್ನು ತಾನೇ ಅವನ ಕೈಗೆ ತುರುಕಿದ.

ಶಾಮಲಮ್ಮ ತನ್ನ ಚಿತ್ರದ ಮುಂದೆ ತುಂಬ ಹೊತ್ತು ನಿಂತಳು. ಆಮೇಲೆ ಪಕ್ಕದ ಚಿತ್ರದ ಕಡೆ ತಿರುಗಿದಳು. ಅದು ಗಂಗುಲಪ್ಪನದು, ಅವನೇ ಹಟ ಹಿಡಿದು ತೂಗುಹಾಕಿಸಿದ್ದು. ಜರಿ ಪೇಟ, ಹಣೆಯಲ್ಲಿ ಉದ್ದ ನಾಮ, ಹುರಿ ಮಾಡಿದ ಮೀಸೆ.

“ಹೇಳಿ ಅತ್ತಿಗೆ, ಹೊತ್ತಾಗ್ತದೆ,” ಎಂದ ಗಂಗುಲಪ್ಪ.

“ಅಳಿಸಿ ಸ್ವಾಮಿ,” ಎಂದಳು ಆಕೆ ವ್ಯಾಪಾರಿಯ ಕಡೆ ನೋಡಿ. ಕೋದಂಡರಾಮಪ್ಪ ಕುಂಚ ಎತ್ತಿದ. ಆದರೆ ಆಕೆಯ ಮಾತು ಇನ್ನೂ ಮುಗಿದಿರಲಿಲ್ಲ.

“ಇವನ ಹೆಂಡ್ತಿ ಭಾರತಮ್ಮ ಸತ್ತು ನಾಲ್ಕು ವರ್ಷ ಆಯ್ತು. ಇವನ ಪಟದಲ್ಲಿ ಏನು ಅಳಿಸ್ತೀರಿ?”